ಕಾರವಾರದ ಕಡಲೂ ಸಿದ್ದಿ ಜನರೂ

ಚುಂಚನಕಟ್ಟೆಯ ಶ್ರೀ ಕೋದಂಡರಾಮಸ್ವಾಮಿಯ ದರ್ಶನ ಮಾಡದವರು ಈ ಪತ್ರಿಕೆಯ ವಾಚಕರಲ್ಲಿ ವಿರಳ. ವನವಾಸಕಾಲದಲ್ಲಿ ಶ್ರೀರಾಮನಿಗೆ ಚುಂಚ, ಚುಂಚಿ ಎಂಬ ಕಾಡಿನ ದಂಪತಿಗಳು ಇಲ್ಲಿ ಆತಿಥ್ಯವಿತ್ತರೆಂದು ಸ್ಥಳಪುರಾಣವು ಹೇಳುವುದು. ಊರಿನ ಹೆಸರೂ ಅವರದೇ. ಕಾಡಿನವರ ಹೆಸರನ್ನು ಊರಿಗಿಟ್ಟುಕೊಂಡ ನಾವು ಕಾಡಿನವರ ಚರಿತ್ರೆಯನ್ನು ಎಷ್ಟರಮಟ್ಟಿಗೆ ಬಲ್ಲೆವೆಂಬ ಪ್ರಶ್ನೆಯು ನನಗೆ ಹುಟ್ಟಿದುದು ಮಾತ್ರ ಇಲ್ಲಿಯಲ್ಲ; ದೂರದ ಉತ್ತರ ಕನ್ನಡ ಜಿಲ್ಲೆಯಲ್ಲಿ.

ಕಳೆದ ಮಾಘಮಾಸದಲ್ಲಿ ಸಮುದ್ರಸ್ನಾನದ ಅಪೇಕ್ಷೆಯಿಂದ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲೆಗಳ ಮಾರ್ಗವಾಗಿ ಕಾರವಾರಕ್ಕೆ ಹೋಗಿದ್ದೆನು. ಅರಬೈಲು ಘಟ್ಟವನ್ನಿಳಿಯುವಾಗ ಕಾಣುವ ಅರಣ್ಯದ ಗಾಂಭೀರ್ಯವನ್ನು ವರ್ಣಿಸಲು ನನ್ನಿಂದಾಗದು. ಕಾಳೀನದಿಯ ಮೇಲ್ಭಾಗದ ಕಾಡುಗಳಲ್ಲಿ ಹುಲಿಯೂ ಕರಿಚಿರತೆಯೂ ಇವೆ. ಹೆಬ್ಬಾಗಿಲಿನಂತೆ ಕೊಕ್ಕುಳ್ಳ ಮಂಗಟ್ಟೆ ಹಕ್ಕಿಗಳು ರೆಕ್ಕೆ ಬಡಿಯುವ ಸದ್ದು ಬಹುದೂರ ಕೇಳುವುದು. ಕಾರವಾರದ ಮಳಲದಂಡೆಗೆ ಈಗ ರವೀಂದ್ರನಾಥ ಠಾಕೂರರ ಹೆಸರಿದೆ. ಅವರು ಯೌವನದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ತಮ್ಮ ಅಣ್ಣನವರ ಮನೆಯಲ್ಲಿ ಕೆಲಕಾಲ ತಂಗಿದ್ದರು.

ಆ ದಂಡೆಯಿಂದ ಅನತಿದೂರದಲ್ಲಿ ಅಂಜದ್ವೀಪವಿದೆ. ಚಿಕ್ಕ ನಡುಗಡ್ಡೆ, ಆದರೆ ಚರಿತ್ರೆಯ ದೃಷ್ಟಿಯಿಂದ ಚಿಕ್ಕದಲ್ಲ. ಪೋರ್ತುಗೀಸ್ ನಾವಿಕನಾದ ವಾಸ್ಕೊ ಡ ಗಾಮನು 1497ರ ಕ್ರಿಸ್ತಜಯಂತಿಯ ಸುಮಾರಿಗೆ ಆಫ್ರಿಕದ ಆಗ್ನೇಯ ತೀರವನ್ನು ಕಂಡು ಅದಕ್ಕೆ ನೆಟಾಲ್ ಎಂದು ಹೆಸರಿಟ್ಟನು. ಅವರ ನುಡಿಯಲ್ಲಿ ಆ ಶಬ್ದಕ್ಕೆ ಜನ್ಮದಿನವೆಂಬ ಅರ್ಥ. ಜುಲು ಜನರ ನಾಡೆಂದು ಮುಂದೆ ಪ್ರಸಿದ್ಧವಾದುದು ಆ ತೀರವೇ. ಅಲ್ಲಿಂದ ಮೊಜಾಂಬಿಕ್‌ಗೆ ಬಂದು, 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಯನ್ನು ಸೇರಿ, ಹಿಂದಿರುಗುವಾಗ ಅದೇ ವರ್ಷ ಅಂಜದ್ವೀಪದಲ್ಲಿ ಲಂಗರು ಹಾಕಿದನು. 1505ರಲ್ಲಿ ಪೋರ್ತುಗೀಸರು ಇಲ್ಲಿ ಕೋಟೆ ಕಟ್ಟಿದರು. 1510ರಲ್ಲಿ ಗೋವೆಯನ್ನು ಹಿಡಿದರು. ಮೆಣಸನ್ನರಸಿ ಬಂದ ಹಡಗುಗಳ ಮಾರ್ಗದಲ್ಲಿಯೇ ಮನುಷ್ಯರ ವ್ಯಾಪಾರವೂ ನಡೆಯಿತು. ಮೊಜಾಂಬಿಕ್ ಮೊದಲಾದ ಕಡೆಗಳಿಂದ ಕರಿಯ ಜನರನ್ನು ತಂದು ಗೋವೆಯಲ್ಲಿ ದಾಸರನ್ನಾಗಿ ಮಾರಿದರು. ದಾಸ್ಯವನ್ನು ತಾಳಲಾರದೆ ಘಟ್ಟವನ್ನೇರಿ ಕಾಡು ಸೇರಿದವರೂ, ಒಡೆಯರು ಬಿಟ್ಟುಬಿಟ್ಟವರೂ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆಗಳ ಕಾಡಿನಂಚಿನಲ್ಲಿ ನೆಲೆಸಿದರು. ಇವರ ಸಂತತಿಯೇ ಸಿದ್ದಿ ಜನರು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮೇಷ್ಟರಾಗಿದ್ದಾಗ ಒಬ್ಬ ವಿದ್ಯಾರ್ಥಿಯು ‘ಸಿದ್ದಿಯರೆಂದರೆ ಯಾರು?’ ಎಂದು ಕೇಳಲು, ಪಾಠಶಾಲೆಯ ವ್ಯಾಕರಣದ ಬಲದಿಂದ, ಸಿಧ್ ಧಾತುವಿಗೆ ಕ್ತಿನ್ ಪ್ರತ್ಯಯ ಸೇರಿ ಬಂದ ಶಬ್ದವದು, ಯಾರೋ ಸಿದ್ಧಪುರುಷರ ಪರಂಪರೆಯವರಿರಬೇಕು ಎಂದುಬಿಟ್ಟೆನು. ಹುಡುಗರು ಬರೆದುಕೊಂಡರು. ಶಬ್ದವು ಅರಬ್ಬೀ ಮೂಲದ್ದೆಂದೂ, ‘ನನ್ನ ಒಡೆಯ’ ಎಂದು ಅದರ ಅರ್ಥವೆಂದೂ ವಿದ್ವಾಂಸರ ಮತ. ದಾಸರಾಗಿ ಬಂದವರಿಗೆ ಒಡೆಯನೆಂಬ ಹೆಸರು ನಿಂತಿತು! ಒಂದು ಮಹಾಪ್ರಾಣಾಕ್ಷರವನ್ನು ಸೇರಿಸಿ ನಾನು ಒಂದು ಜನಾಂಗದ ಸಂಕಟವನ್ನೇ ಅಳಿಸಿದ್ದೆನು.

ನಮ್ಮ ಪಠ್ಯಗಳಲ್ಲಿ ಆಫ್ರಿಕದವರ ಪ್ರಸ್ತಾಪವೇ ಇಲ್ಲವೆಂದಲ್ಲ. ಅಬಿಸೀನಿಯದಿಂದ ದಾಸನಾಗಿ ಬಂದು ಅಹಮದನಗರದ ರಾಜ್ಯಸೂತ್ರವನ್ನು ಹಿಡಿದು, ಜಹಾಂಗೀರನ ಸೈನ್ಯಗಳನ್ನು ಕಾಡಿ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರನನ್ನು ಎಲ್ಲರೂ ಬಲ್ಲರು. ವಿಜಾಪುರದ ಇಖ್ಲಾಸ್ ಖಾನನೂ, 1660ರಲ್ಲಿ ಪನ್ಹಾಳ ಕೋಟೆಯಲ್ಲಿ ಶಿವಾಜಿಯನ್ನು ಮುತ್ತಿದ ಸಿದ್ದಿ ಜೌಹರನೂ ಆ ವರ್ಗದವರೇ. ಇವರಿಗೆ ಕತ್ತಿಯಿತ್ತು, ಆಸ್ಥಾನವಿತ್ತು, ಬರೆಯುವವರಿದ್ದರು. ಕಾಡು ಸೇರಿದವರಿಗೆ ಇವೊಂದೂ ಇರಲಿಲ್ಲ. ಮೂಲದಲ್ಲಿಯೂ ಭೇದವುಂಟು. ಹೈದರಾಬಾದಿನ ಜೀವವಿಜ್ಞಾನ ಸಂಸ್ಥೆಯ ವಿದ್ವಾಂಸರು ಇತರರೊಡಗೂಡಿ 2011ರಲ್ಲಿ ಪ್ರಕಟಿಸಿದ ವಂಶವಾಹಿಗಳ ಪರೀಕ್ಷೆಯು ಸಿದ್ದಿಯರ ಆಫ್ರಿಕದ ಅಂಶವನ್ನು ಬಂಟು ಜನಸಮುದಾಯಕ್ಕೆ ಸೇರಿಸುವುದು. ಜುಲು ನುಡಿಯೂ ಬಂಟು ಭಾಷಾವರ್ಗದ್ದೇ. ಆ ವರ್ಗಕ್ಕೆ ಹೆಸರಿಟ್ಟ ಜರ್ಮನ್ ಪಂಡಿತ ಬ್ಲೀಕನು 1855ರಲ್ಲಿ ನೆಟಾಲಿಗೆ ಹೋಗಿ ಜುಲು ನುಡಿಯನ್ನು ಅಭ್ಯಾಸ ಮಾಡಿದವನು. ಜುಲುವಿನಲ್ಲಿ ‘ಅಬಂಟು’ ಎಂದರೆ ಮನುಷ್ಯರು ಎಂದಷ್ಟೆ ಅರ್ಥ. ಸಿದ್ದಿಯರನ್ನು ಜುಲುಗಳೆನ್ನಲಾಗದು, ದೂರದ ದಾಯಾದಿಗಳೆಂದರೆ ತಪ್ಪಾಗದು. 1860ರಿಂದ ನಮ್ಮ ದೇಶದ ಕೂಲಿಗಳನ್ನೂ ಕರಾರಿನ ಮೇಲೆ ಮದರಾಸಿನಿಂದ ಅದೇ ನೆಟಾಲಿನ ಕಬ್ಬಿನ ತೋಟಗಳಿಗೆ ಹಡಗು ಹತ್ತಿಸಿದರೆಂಬುದನ್ನು ಇಲ್ಲಿ ನೆನೆಯಬೇಕು.

ಹಿಂದಿರುಗುವಾಗ ಯಲ್ಲಾಪುರದಲ್ಲಿಳಿದು, ಪರಿಚಿತರೊಬ್ಬರ ಸಹಾಯದಿಂದ ಒಂದು ಸಿದ್ದಿ ಕೇರಿಗೆ ಹೋದೆನು. ಸಾರಿಸಿದ ಅಂಗಳ, ಬೇಲಿಯ ಮೇಲೆ ಬಿಸಿಲಿಗೆ ಹರವಿದ ಕೌದಿ. ಹಳೆಯ ಬಟ್ಟೆಯ ಚೂರುಗಳನ್ನು ಅಂಚಿನಿಂದ ನಡುವಿಗೆ ಸುತ್ತಿಕೊಂಡು ಹೊಲಿಯುವ ಅವರ ಹೆಂಗಸರ ಕೌಶಲವು ಈಗ ದೂರದೇಶಗಳಲ್ಲಿಯೂ ಮಾನ್ಯವಾಗಿದೆ. ಸಿದ್ದಿಯರಲ್ಲಿ ಹಿಂದೂ, ಕ್ರೈಸ್ತ, ಮುಸಲ್ಮಾನ ಮೂರು ಮತದವರೂ ಇದ್ದಾರೆ. ತೀರಿಹೋದ ಹಿರಿಯರ ಪೂಜೆ ಮಾತ್ರ ಬಹುಮಟ್ಟಿಗೆ ಸಾಮಾನ್ಯವಾದುದು. ‘ದಮಾಮಿ’ ಎಂಬುದು ಅವರ ಕುಣಿತ. ಮನೆಯೊಳಗೆ ಕೊಂಕಣಿಗೆ ಹತ್ತಿರದ ಮಾತು, ಹೊರಗೆ ಕನ್ನಡ. ತಲೆಮಾರುಗಟ್ಟಲೆ ಅನ್ಯರ ಅಡಿಕೆತೋಟಗಳಲ್ಲಿ ಜೀತ ಮಾಡಿದವರಿವರು.

ಕೇರಿಯ ವೃದ್ಧರೊಬ್ಬರು ಚಾಪೆ ಹಾಸಿ ಕುಳ್ಳಿರಿಸಿದರು. ನಾನು ಆಫ್ರಿಕ, ಗೋವೆ, ಹಡಗುಗಳ ಮಾತನ್ನೆತ್ತಿದಾಗ ಸಾವಧಾನವಾಗಿ ಕೇಳಿ, “ಇರಬಹುದು, ಮಾಸ್ತರೇ. ನಮ್ಮ ಅಜ್ಜ ಹೇಳಿದ್ದು ಈ ಗುಡ್ಡದ ಕತೆ ಮಾತ್ರ. ನಮ್ಮ ಹುಡುಗರು ಬೆಂಗಳೂರಿಗೆ ಹೋದರೆ ಯಾವ ದೇಶದವರು ಅಂತ ಕೇಳುತ್ತಾರಂತೆ. ಕನ್ನಡದಲ್ಲೇ ಉತ್ತರ ಕೊಟ್ಟರೂ, ಎಲ್ಲಿ ಕಲಿತೆ ಅಂತ ಮತ್ತೆ ಕೇಳುತ್ತಾರಂತೆ” ಎಂದರು. ನಗುತ್ತಲೇ ಹೇಳಿದರು, ನನಗೆ ನಗು ಬರಲಿಲ್ಲ.

ಸರ್ಕಾರವು 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿತು. 2020ರಲ್ಲಿ ಶ್ರೀ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣಗೊಂಡರು. ಆ ಜನರಲ್ಲಿ ಶಾಸನಸಭೆಯನ್ನು ಪ್ರವೇಶಿಸಿದವರು ಅವರೇ ಮೊದಲಿಗರು.

ಹೊರಡುವ ವೇಳೆಗೆ ಆ ವೃದ್ಧರು, “ನಿಮ್ಮ ಕಡೆಯ ಕಾಡಿನಲ್ಲಿ ಯಾರಿದ್ದಾರೆ?” ಎಂದು ವಿಚಾರಿಸಿದರು. ಹೆಗ್ಗಡದೇವನಕೋಟೆಯ ಜೇನುಕುರುಬರು, ಕಾಡುಕುರುಬರೆಂದೆನು. ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆಯ ಜಾಡು ಹಿಡಿದವರೆಂದೂ, ಕಪಿಲೆಗೆ ಅಣೆಕಟ್ಟಾದಾಗ ಹಾಡಿಗಳನ್ನು ಬಿಟ್ಟವರೆಂದೂ ತಿಳಿಸಿದೆನು. “ಅವರು ಏನು ಹಾಡುತ್ತಾರೆ?” ಎಂದು ಕೇಳಿದರು. ಅರುವತ್ತು ವರ್ಷ ಮೀರಿದರೂ ನಾನು ಒಂದು ಹಾಡಿಯಲ್ಲಿಯೂ ಒಂದು ಸಂಜೆ ಕುಳಿತವನಲ್ಲ. ಅದನ್ನೇ ಹೇಳಿ, ಅವರಿಗೆ ಕೈಮುಗಿದು ಬಸ್ಸಿನ ಕಡೆಗೆ ನಡೆದೆನು.