ಇಟಲಿಯ ದಯಾನಿಧಿಗಳು ಮತ್ತು ಕುಸೀದವಿಚಾರ

ಮನುಸ್ಮೃತಿಯು ಪರಿಗಣಿಸಿರುವ ೧೮ ವ್ಯವಹಾರಪದಗಳಲ್ಲಿ ಋಣಾದಾನವೇ ಮೊದಲನೆಯದು. ಮನುಷ್ಯರೊಳಗಿನ ವಿವಾದಗಳಲ್ಲಿ ಸಾಲದ ವಿವಾದವು ಎಷ್ಟು ಪ್ರಾಚೀನವೂ ಎಷ್ಟು ವ್ಯಾಪಕವೂ ಆದುದೆಂಬುದನ್ನು ಇದರಿಂದಲೇ ಊಹಿಸಬಹುದು. ಕೊಟ್ಟ ಹಣಕ್ಕೆ ಮಿತಿಮೀರಿದ ವೃದ್ಧಿಯನ್ನು ಕೀಳುವವನನ್ನು ಅನೇಕ ದೇಶಗಳ ಧರ್ಮಗ್ರಂಥಗಳು ನಿಂದಿಸಿರುವುವು. ಆದರೆ ನಿಂದೆಯಿಂದ ಸಾಲಗಾರನ ಮನೆಯ ಒಲೆಯು ಹೊತ್ತಿಕೊಳ್ಳುವುದಿಲ್ಲ. ವೃದ್ಧಿಜೀವಿಯು ಪಾಪಿಯೆಂದು ಸಾರಿದ ಗುರುವು, ಆ ದಿನದ ಸಂಜೆಯೊಳಗೆ ನಾಲ್ಕು ಕಾಸು ಬೇಕಾಗಿದ್ದ ಬಡವನಿಗೆ ಬೇರೆ ಯಾವ ಬಾಗಿಲನ್ನು ತೋರಿಸಿದನು? ಈ ಪ್ರಶ್ನೆಗೆ ಬಾಯಿಮಾತಿನಿಂದಲ್ಲದೆ ಕಾರ್ಯದಿಂದಲೇ ಉತ್ತರ ಕೊಡಲು ೧೫ನೆಯ ಶತಮಾನದ ಇಟಲಿ ದೇಶದಲ್ಲಿ ಭಿಕ್ಷುಸಂನ್ಯಾಸಿಗಳ ಒಂದು ಪಂಥದವರು ಯತ್ನಿಸಿದರು. ಆ ಯತ್ನದ ಸ್ವರೂಪವನ್ನೂ, ಅದರಿಂದ ಹುಟ್ಟಿದ ಶಾಸ್ತ್ರವಾದವನ್ನೂ, ಅದಕ್ಕೆ ಅಂಟಿದ ಕಳಂಕವನ್ನೂ ವಿಮರ್ಶಿಸುವುದು ಈ ಲೇಖನದ ಉದ್ದೇಶವು.

ಮೊದಲು ಆ ಕಾಲದ ಸ್ಥಿತಿಯನ್ನು ತಿಳಿಯಬೇಕು. ಸಾಲವನ್ನು ಕೊಟ್ಟೆನೆಂಬ ಒಂದೇ ಕಾರಣಕ್ಕಾಗಿ ಮೂಲಧನಕ್ಕಿಂತ ಹೆಚ್ಚಾಗಿ ಏನನ್ನು ಪಡೆದರೂ ಅದು ಪಾಪವೆಂಬುದು ರೋಮಿನ ಕ್ರೈಸ್ತಸಭೆಯ ನಿರ್ಣಯವಾಗಿದ್ದಿತು. ೧೧೭೯ರಲ್ಲಿ ಸೇರಿದ ಮೂರನೆಯ ಲ್ಯಾಟರನ್ ಮಹಾಸಭೆಯು ಪ್ರಕಟವಾಗಿ ವೃದ್ಧಿಯಿಂದ ಜೀವಿಸುವವರಿಗೆ ಪವಿತ್ರಪ್ರಸಾದವನ್ನೂ ಕ್ರೈಸ್ತವಿಧಿಯ ಸಮಾಧಿಯನ್ನೂ ನಿಷೇಧಿಸಿತು. ೧೩೧೧-೧೨ರ ವಿಯೆನ್ ಮಹಾಸಭೆಯು, ವೃದ್ಧಿಗ್ರಹಣವು ಪಾಪವಲ್ಲವೆಂದು ಹಟದಿಂದ ವಾದಿಸುವವನನ್ನು ಪಾಷಂಡಿಯಂತೆ ದಂಡಿಸಬೇಕೆಂದು ವಿಧಿಸಿತು. ನಿಷೇಧವು ಹೀಗೆ ಕಠೋರವಾಗುತ್ತ ಬಂದರೂ ಸಾಲದ ಅಗತ್ಯವು ಕಡಮೆಯಾಗಲಿಲ್ಲ. ದೊಡ್ಡ ವರ್ತಕರು ದೇಶದೇಶಗಳ ನಾಣ್ಯವಿನಿಮಯದ ಹುಂಡಿಗಳೊಳಗೆ ವೃದ್ಧಿಯನ್ನು ಅಡಗಿಸಿ ಪಾಪದ ಹೆಸರಿನಿಂದ ತಪ್ಪಿಸಿಕೊಂಡರು. ಬಡವರಿಗೆ ಬೇಕಾದ ಚಿಲ್ಲರೆ ಸಾಲಕ್ಕೆ ಈ ಉಪಾಯವು ಒದಗುತ್ತಿರಲಿಲ್ಲ. ಆದುದರಿಂದ ಇಟಲಿಯ ಅನೇಕ ನಗರಗಳವರು ಯೆಹೂದ್ಯರೊಡನೆ ಒಪ್ಪಂದ ಮಾಡಿಕೊಂಡು, ಒತ್ತೆ ಹಿಡಿದು ಸಾಲ ಕೊಡುವ ಅಂಗಡಿಗಳನ್ನು ಅವರಿಂದ ತೆರೆಯಿಸಿದರು. ವೃದ್ಧಿಯ ದರವನ್ನು ಗೊತ್ತುಮಾಡಿದವರೂ, ಅವರಿಂದ ತೆರಿಗೆಯನ್ನು ಎತ್ತಿದವರೂ ನಗರದ ಅಧಿಕಾರಿಗಳೇ. ಆ ದರವು ವರ್ಷಕ್ಕೆ ನೂರಕ್ಕೆ ೨೦ರಿಂದ ೩೦ರವರೆಗೆ ಇರುವುದು ಸಾಮಾನ್ಯವಾಗಿದ್ದಿತು.

ಈ ಸ್ಥಿತಿಯಲ್ಲಿ ಫ್ರಾನ್ಸಿಸ್ಕನ್ ಪಂಥದ ನಿಯಮನಿಷ್ಠ ಶಾಖೆಯ ಸಂನ್ಯಾಸಿಗಳು ಊರೂರು ತಿರುಗುತ್ತ ಉಪದೇಶ ಮಾಡುತ್ತಿದ್ದರು. ೧೪೬೨ರಲ್ಲಿ ಪೆರೂಜಾ ನಗರದಲ್ಲಿ ಮಿಕೇಲೆ ಕಾರ್ಕಾನೊ ಎಂಬ ಸಂನ್ಯಾಸಿಯ ಉಪದೇಶದ ಫಲವಾಗಿ ‘ಮೊಂತೆ ದಿ ಪಿಯೆತಾ’ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ‘ಮೊಂತೆ’ ಎಂದರೆ ಬೆಟ್ಟ. ಇಲ್ಲಿ ಗುಡ್ಡೆಹಾಕಿದ ಹಣ ಎಂದು ಅರ್ಥ. ‘ಪಿಯೆತಾ’ ಎಂದರೆ ಕರುಣೆ. ನಮ್ಮಲ್ಲಿ ದಯಾನಿಧಿಶಬ್ದವು ಭಗವಂತನಿಗೆ ವಿಶೇಷಣವಾಗಿ ಸಲ್ಲುತ್ತಿದ್ದರೂ, ಅದರ ಅವಯವಾರ್ಥವು ಈ ಸಂಸ್ಥೆಗೆ ಚೆನ್ನಾಗಿ ಹೊಂದುವುದರಿಂದ ಮುಂದೆ ಇದನ್ನು ದಯಾನಿಧಿಯೆಂದೇ ಕರೆಯುವೆವು.

ದಯಾನಿಧಿಯ ಕ್ರಮವು ಸರಳವಾದುದು. ಭಕ್ತರ ಕಾಣಿಕೆ, ಮರಣಶಾಸನದ ದಾನ, ಮೆರವಣಿಗೆಗಳಲ್ಲಿ ಕೂಡಿದ ಹಣ, ನಗರಸಭೆಯ ಸಹಾಯ ಇವುಗಳಿಂದ ಮೂಲಧನವು ಒಟ್ಟಾಗುತ್ತಿದ್ದಿತು. ಬಡವನು ಬಟ್ಟೆಯನ್ನೋ ಪಾತ್ರೆಯನ್ನೋ ಕಸಬಿನ ಸಲಕರಣೆಯನ್ನೋ ಒತ್ತೆಯಿಟ್ಟು, ಅದರ ಬೆಲೆಗಿಂತ ಕಡಮೆಯಾದ ಒಂದು ಸಣ್ಣ ಮೊತ್ತವನ್ನು ಪಡೆಯುವನು. ಗೊತ್ತಾದ ಅವಧಿಯೊಳಗೆ ಅವನು ಬಿಡಿಸಿಕೊಳ್ಳದಿದ್ದರೆ ಒತ್ತೆಯನ್ನು ಹರಾಜು ಮಾಡಿ, ಸಾಲಕ್ಕೆ ವಜಾಮಾಡಿಕೊಂಡು ಉಳಿದುದನ್ನು ಅವನಿಗೇ ಕೊಡುವರು. ಸಂತ ಫ್ರಾನ್ಸಿಸನ ನಿಯಮದಂತೆ ಈ ಸಂನ್ಯಾಸಿಗಳು ಹಣವನ್ನು ಮುಟ್ಟುವಂತಿರಲಿಲ್ಲ. ಆದುದರಿಂದ ಲೆಕ್ಕವೂ ಬೀಗದ ಕೈಯೂ ನಗರದ ಗೃಹಸ್ಥರ ವಶದಲ್ಲಿದ್ದುವು. ಕಾಸನ್ನು ಕೈಯಿಂದ ಮುಟ್ಟದವರು ಸಾಲದ ಮನೆಗಳನ್ನು ಕಟ್ಟಿಸಿದರೆಂಬುದು ಈ ಇತಿಹಾಸದ ಒಂದು ಸ್ವಾರಸ್ಯವು.

ಈ ಸಂಸ್ಥೆಗಳನ್ನು ಹಬ್ಬಿಸಿದವರಲ್ಲಿ ಬೆರ್ನಾರ್ದೀನೊ ದ ಫೆಲ್ತ್ರೆ (೧೪೩೯-೧೪೯೪) ಎಂಬವನು ಅಗ್ರಗಣ್ಯನು. ೧೪೮೪ರಲ್ಲಿ ಮಾಂತುವಾ, ೧೪೯೧ರಲ್ಲಿ ಪಾದುವಾ ಮುಂತಾದ ನಗರಗಳಲ್ಲಿ ಅವನ ಉಪದೇಶದಿಂದ ದಯಾನಿಧಿಗಳು ಹುಟ್ಟಿದುವು. ಸಾಲವನ್ನು ನಿರ್ವೃದ್ಧಿಕವಾಗಿ ಕೊಡುವುದು ಉತ್ತಮವಾದರೂ, ಗುಮಾಸ್ತರ ಸಂಬಳ, ಮನೆಯ ಬಾಡಿಗೆ, ಒತ್ತೆಗಳ ರಕ್ಷಣೆ ಇವುಗಳ ವೆಚ್ಚಕ್ಕೆ ಆದಾಯವಿಲ್ಲದಿದ್ದರೆ ನಿಧಿಯು ಕೆಲವು ವರ್ಷಗಳಲ್ಲಿಯೇ ಕರಗಿಹೋಗುವುದೆಂದು ಅವನು ಕಂಡುಕೊಂಡನು. ಆದುದರಿಂದ ಸಾಲಗಾರನಿಂದ ಅಲ್ಪವಾದೊಂದು ಮೊತ್ತವನ್ನು ಪಡೆಯಬೇಕೆಂದು ನಿಶ್ಚಲವಾಗಿ ಪ್ರತಿಪಾದಿಸಿದನು. ಇಲ್ಲಿಂದಲೇ ಶಾಸ್ತ್ರವಾದವು ಆರಂಭವಾಯಿತು.

ಪೂರ್ವಪಕ್ಷಿಗಳು ಸಾಮಾನ್ಯರಲ್ಲ. ಅಗಸ್ಟೀನಿಯನ್ ಪಂಥದ ನಿಕ್ಕೊಲೊ ಬರಿಯಾನಿಯು ಈ ಸಂಸ್ಥೆಯನ್ನು ಖಂಡಿಸಿ ೧೪೯೬ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ, ಅದರ ಹೆಸರನ್ನೇ ತಿರುಗಿಸಿ, ‘ಅಧರ್ಮದ ರಾಶಿ’ ಎಂಬರ್ಥದ ಹೆಸರನ್ನಿಟ್ಟನು. ಡೊಮಿನಿಕನ್ ಪಂಥದ ಮಹಾಪಂಡಿತನಾದ ಕಾಯೆತಾನನೂ ೧೪೯೮ರಲ್ಲಿ ವಿರೋಧವಾಗಿ ಬರೆದನು. ಅವರ ಆಕ್ಷೇಪದ ಸಾರವಿದು: ಮೂಲಧನಕ್ಕಿಂತ ಹೆಚ್ಚಾಗಿ ಪಡೆಯುವುದು ವೃದ್ಧಿ, ವೃದ್ಧಿಯು ಪಾಪ, ಉದ್ದೇಶವು ಒಳ್ಳೆಯದಾದ ಮಾತ್ರಕ್ಕೆ ಪಾಪವು ಪುಣ್ಯವಾಗಲಾರದು. ಸಂಸ್ಥೆಗೆ ವೆಚ್ಚವಾಗುವುದಾದರೆ ಅದನ್ನು ನಗರವು ಹೊರಲಿ. ಕಷ್ಟದಲ್ಲಿರುವ ಸಾಲಗಾರನ ಮೇಲೇಕೆ ಹೊರಿಸಬೇಕು?

ಈ ಆಕ್ಷೇಪವನ್ನು ಕೇವಲ ಮಾತ್ಸರ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬಡವನಿಂದ ತೆಗೆದುಕೊಳ್ಳುವ ಪ್ರತಿಯೊಂದು ಕಾಸಿಗೂ ಕಾರಣವನ್ನು ಹೇಳಿರೆಂದು ಅದು ಸ್ಥಾಪಕರನ್ನು ಕೇಳಿತು. ಹಾಗೆ ಕೇಳುವವರಿಲ್ಲದಿದ್ದರೆ ದಯೆಯ ಹೆಸರಿನಲ್ಲಿಯೇ ಹೊಸದೊಂದು ಸುಲಿಗೆ ಬೆಳೆಯುವುದು ಕಷ್ಟವಾಗಿರಲಿಲ್ಲ.

ಸಿದ್ಧಾಂತವು ೧೫೧೫ರ ಮೇ ೪ರಂದು ಐದನೆಯ ಲ್ಯಾಟರನ್ ಮಹಾಸಭೆಯಲ್ಲಿ ಪೋಪ್ ಹತ್ತನೆಯ ಲಿಯೋವಿನ ಆಜ್ಞೆಯ ರೂಪದಲ್ಲಿ ಹೊರಬಿದ್ದಿತು. ತಾನಾಗಿ ಫಲಿಸದ ವಸ್ತುವಿನ ಉಪಯೋಗದಿಂದ ಶ್ರಮವಿಲ್ಲದೆ, ವೆಚ್ಚವಿಲ್ಲದೆ, ನಷ್ಟದ ಭಯವಿಲ್ಲದೆ ಲಾಭವನ್ನು ಬಯಸುವುದೇ ಕುಸೀದವೆಂಬ ಲಕ್ಷಣವನ್ನು ಆ ಆಜ್ಞೆಯಲ್ಲಿ ಹೇಳಿರುವುದು. ದಯಾನಿಧಿಯು ಪಡೆಯುವುದು ಲಾಭವಲ್ಲ, ವೆಚ್ಚದ ಪೂರೈಕೆ ಮಾತ್ರ. ಆದುದರಿಂದ ಅದಕ್ಕೆ ದೋಷವಿಲ್ಲವೆಂದು ತೀರ್ಪಾಯಿತು. ಆದರೂ ಏನನ್ನೂ ಪಡೆಯದೆ ಕೊಡುವಂತಾದರೆ ಅದು ಇನ್ನೂ ಶ್ರೇಷ್ಠವೆಂದು ಅದೇ ಆಜ್ಞೆಯು ಸೇರಿಸಿತು. ಪೂರ್ವಪಕ್ಷವು ಸೋತರೂ ಅದರ ಅಂಶವೊಂದು ಸಿದ್ಧಾಂತದೊಳಗೆ ಉಳಿದುಕೊಂಡಿತು.

ನಮ್ಮ ಧರ್ಮಶಾಸ್ತ್ರಗಳ ಮಾರ್ಗವು ಇದಕ್ಕಿಂತ ಭಿನ್ನವಾದುದು. ಅವು ವೃದ್ಧಿಯನ್ನು ಸರ್ವಥಾ ನಿಷೇಧಿಸದೆ ಅದಕ್ಕೆ ಮೇರೆಯನ್ನು ಹಾಕಿದುವು. ಮನುವು ವಾರ್ಧುಷಿಕನನ್ನು ಶ್ರಾದ್ಧಪಂಕ್ತಿಯಿಂದ ಹೊರಗಿಡುವನು. ಆದರೆ ತಿಂಗಳಿಗೆ ಮೂಲಧನದ ೮೦ರಲ್ಲಿ ಒಂದು ಭಾಗವನ್ನು, ಎಂದರೆ ವರ್ಷಕ್ಕೆ ನೂರಕ್ಕೆ ೧೫ನ್ನು, ಪಡೆಯಲು ಒಪ್ಪುವನು. ಒಂದೇ ಬಾರಿಗೆ ವಸೂಲು ಮಾಡುವ ವೃದ್ಧಿಯು ಮೂಲಧನವನ್ನು ದ್ವಿಗುಣಕ್ಕಿಂತ ಹೆಚ್ಚಿಸಬಾರದೆಂಬ ನಿಯಮವೂ ಅವನಲ್ಲಿದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ವಿಜ್ಞಾನೇಶ್ವರನು ಮಿತಾಕ್ಷರಾವ್ಯಾಖ್ಯೆಯನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯಲ್ಲಿ ಈ ೮೦ನೆಯ ಭಾಗವು ಒತ್ತೆಯುಳ್ಳ ಸಾಲಕ್ಕೆ ಸಲ್ಲುವುದು. ಒತ್ತೆಯಿಲ್ಲದಿದ್ದರೆ ವರ್ಣಕ್ರಮದಿಂದ ತಿಂಗಳಿಗೆ ನೂರಕ್ಕೆ ೨, ೩, ೪, ೫ ಎಂದು ದರವು ಏರುವುದು. ಎಲ್ಲರಿಗಿಂತ ಕೆಳಗೆ ಎಣಿಸಲ್ಪಟ್ಟವನು ಎಲ್ಲರಿಗಿಂತ ಹೆಚ್ಚು ತೆರಬೇಕಾಗಿದ್ದಿತೆಂಬುದನ್ನು ನಾವು ಮುಚ್ಚಿಡಬಾರದು. ಫ್ಲಾರೆನ್ಸ್ ನಗರದ ದಯಾನಿಧಿಯಲ್ಲಿಯಾದರೋ ತಿಂಗಳಿಗೆ ಒಂದು ಲೀರಕ್ಕೆ ಒಂದು ದೆನಾರೊ ದರವಿದ್ದಿತು. ಒಂದು ಲೀರಕ್ಕೆ ೨೪೦ ದೆನಾರೊಗಳಾದುದರಿಂದ ಇದು ವರ್ಷಕ್ಕೆ ನೂರಕ್ಕೆ ೫ ಆಗುವುದು; ಮನುವಿನ ಧರ್ಮ್ಯವೃದ್ಧಿಯ ಮೂರನೆಯ ಒಂದು ಪಾಲು. ರೋಮಿನವರು ನಿಷೇಧಿಸಿದರು, ನಮ್ಮವರು ಮಿತಿಗೊಳಿಸಿದರು. ಸಾಲಗಾರನು ಹೋಗಿ ನಿಲ್ಲಬಹುದಾದ ಬೇರೊಂದು ಮನೆಯನ್ನು ಕಟ್ಟುವುದು ಈ ಎರಡಕ್ಕಿಂತಲೂ ಬೇರೆಯಾದ ಮೂರನೆಯ ಮಾರ್ಗವಾಯಿತು.

ಇನ್ನು ಕಳಂಕದ ವಿಚಾರ. ಭೂಮಿಯನ್ನು ಹೊಂದುವುದಕ್ಕೂ ಕಸಬುದಾರರ ಸಂಘಗಳನ್ನು ಸೇರುವುದಕ್ಕೂ ಬಹುಮಟ್ಟಿಗೆ ಅಡ್ಡಿಯಿದ್ದುದರಿಂದಲೇ ಯೆಹೂದ್ಯರು ಸಾಲದ ವ್ಯಾಪಾರವನ್ನು ಹಿಡಿದಿದ್ದರು. ಬೆರ್ನಾರ್ದೀನೊ ಮೊದಲಾದವರ ಉಪದೇಶವು ವೃದ್ಧಿಯೆಂಬ ದೋಷವನ್ನು ಖಂಡಿಸುವಲ್ಲಿಗೆ ನಿಲ್ಲದೆ ಆ ಜನಾಂಗದ ಮೇಲಿನ ದ್ವೇಷವಾಗಿ ಪರಿಣಮಿಸಿತು. ೧೪೭೫ರಲ್ಲಿ ಅವನು ತ್ರೆಂತೊ ನಗರದಲ್ಲಿ ಉಪದೇಶ ಮಾಡಿದ ಸಮಯದಲ್ಲಿಯೇ ಸಿಮೋನನೆಂಬ ಮಗುವಿನ ಶವವು ದೊರೆಯಿತು. ಯೆಹೂದ್ಯರ ಮೇಲೆ ಸುಳ್ಳು ಆರೋಪವನ್ನು ಹೊರಿಸಿ, ಚಿತ್ರಹಿಂಸೆಯಿಂದ ತಪ್ಪೊಪ್ಪಿಗೆಯನ್ನು ಪಡೆದು, ಹಲವರನ್ನು ಕೊಂದರು. ಆ ಮಗುವಿನ ಹೆಸರಿನಲ್ಲಿ ಬೆಳೆದ ಆರಾಧನೆಯನ್ನು ಕ್ರೈಸ್ತಸಭೆಯೇ ೧೯೬೫ರಲ್ಲಿ ರದ್ದುಪಡಿಸಿತು. ೧೪೮೮ರಲ್ಲಿ ಫ್ಲಾರೆನ್ಸಿನ ಅಧಿಕಾರಿಗಳು, ನಗರದಲ್ಲಿ ದೊಂಬಿಯಾದೀತೆಂದು, ಬೆರ್ನಾರ್ದೀನೊವನ್ನು ಹೊರಕ್ಕೆ ಕಳುಹಿಸಿದರು. ಆದರೆ ಸವೊನರೋಲನ ಪ್ರಭಾವದ ಕಾಲವಾದ ೧೪೯೫ರಲ್ಲಿ ಅದೇ ನಗರವು ದಯಾನಿಧಿಯ ಸ್ಥಾಪನೆಯನ್ನು ವಿಧಿಸಿದಾಗ, ಯೆಹೂದ್ಯರು ನಗರವನ್ನು ಬಿಡತಕ್ಕದ್ದೆಂಬುದನ್ನೂ ಅದರೊಡನೆ ವಿಧಿಸಿತು. ಹುಂಡಿಯೊಳಗೆ ವೃದ್ಧಿಯನ್ನು ಅಡಗಿಸಿದ ದೊಡ್ಡವರು ಊರಿನಲ್ಲಿಯೇ ಉಳಿದರು. ನಗರವೇ ಕರೆದು ಕೂರಿಸಿದ್ದ ಚಿಕ್ಕ ಅಂಗಡಿಯವರು ಎಲ್ಲರ ಪಾಪಕ್ಕೂ ಹೊಣೆಯಾದರು. ಕರುಣೆಯ ಹೆಸರನ್ನು ಹೊತ್ತ ಸಂಸ್ಥೆಯ ಚರಿತ್ರೆಯಲ್ಲಿ ಇದನ್ನು ಹೇಳದೆ ಬಿಡುವುದು ಚರಿತ್ರೆಯಾಗಲಾರದು.

ಸಂಸ್ಥೆಯ ಮುಂದಿನ ಗತಿಯೂ ವಿಚಾರಾರ್ಹವಾದುದು. ರೋಮ್ ನಗರದಲ್ಲಿ ೧೫೩೯ರಲ್ಲಿ ದಯಾನಿಧಿಯು ಸ್ಥಾಪಿತವಾಯಿತು. ೧೫೬೨ರಲ್ಲಿ ತ್ರೆಂತೊ ಮಹಾಸಭೆಯು ಇವನ್ನು ಧರ್ಮಸಂಸ್ಥೆಗಳ ಗಣದಲ್ಲಿ ಎಣಿಸಿತು. ೧೪೭೨ರಲ್ಲಿ ಸಿಯೇನಾದಲ್ಲಿ ಹುಟ್ಟಿದ ನಿಧಿಯು ಕ್ರಮೇಣ ದೊಡ್ಡ ಬ್ಯಾಂಕಾಗಿ ಬೆಳೆಯಿತು. ಫ್ಲಾರೆನ್ಸಿನ ನಿಧಿಯು ೧೬ನೆಯ ಶತಮಾನದಲ್ಲಿ ಶ್ರೀಮಂತರ ಠೇವಣಿಗಳಿಗೆ ವೃದ್ಧಿಯನ್ನು ಕೊಟ್ಟು, ಮೆಡಿಚಿ ಪ್ರಭುಗಳಿಗೂ ಅವರ ಆಪ್ತರಿಗೂ ಸಾಲ ಕೊಡುವ ಭಂಡಾರವೂ ಆಯಿತು. ಇನ್ನೊಂದು ನ್ಯೂನತೆಯು ಆರಂಭದಿಂದಲೇ ಇದ್ದಿತು. ದಯಾನಿಧಿಗೆ ಒತ್ತೆ ಬೇಕು. ಒತ್ತೆಯಿಡಲು ಮೈಮೇಲಿನ ಬಟ್ಟೆಯ ಹೊರತು ಬೇರೇನೂ ಇಲ್ಲದವನಿಗೆ ಆ ಬಾಗಿಲೂ ಮುಚ್ಚಿಯೇ ಇದ್ದಿತು. ೧೫ನೆಯ ಶತಮಾನದ ಕೊನೆಯಿಂದ ಹಳ್ಳಿಗಾಡುಗಳಲ್ಲಿ ಹುಟ್ಟಿದ ಧಾನ್ಯನಿಧಿಗಳು ಮಾತ್ರ ರೈತನ ಕಷ್ಟಕ್ಕೆ ಹತ್ತಿರವಾಗಿದ್ದುವು. ಬಿತ್ತನೆಯ ಕಾಲದಲ್ಲಿ ಕಾಳನ್ನು ಕೊಟ್ಟು, ಸುಗ್ಗಿಯಲ್ಲಿ ಸ್ವಲ್ಪ ಹೆಚ್ಚಳದೊಡನೆ ಕಾಳನ್ನೇ ಅವು ಅಳೆದುಕೊಳ್ಳುತ್ತಿದ್ದುವು.

ಈ ವಿಚಾರದಿಂದ ಎರಡು ನಿರ್ಣಯಗಳು ಲಭಿಸುವುವು. ವೃದ್ಧಿಜೀವಿಯನ್ನು ಖಂಡಿಸುವ ಧರ್ಮೋಪದೇಶವು ಸಾಲಗಾರನಿಗೆ ಬದಲು ಆಶ್ರಯವನ್ನು ಕಲ್ಪಿಸಿದಲ್ಲಿ ಮಾತ್ರ ಸಫಲವಾಗುವುದು. ಆ ಆಶ್ರಯದ ವೆಚ್ಚವೆಷ್ಟು, ಅದನ್ನು ಹೊರುವವರು ಯಾರು ಎಂಬ ಪ್ರಶ್ನೆಗೆ ಬಹಿರಂಗವಾಗಿ ಉತ್ತರವನ್ನು ಕೊಡುವುದೂ ಧರ್ಮದ ಅಂಗವೇ ಆಗಿರುವುದು. ಇದು ಮೊದಲನೆಯದು. ದೋಷವನ್ನು ದೋಷವೆಂದು ಖಂಡಿಸುವುದು ಧರ್ಮ. ಅದನ್ನು ಒಂದು ಜನಾಂಗದ ತಲೆಗೆ ಕಟ್ಟುವುದು ಇನ್ನೊಂದು ಅಧರ್ಮ. ಇದು ಎರಡನೆಯದು. ಪೆರೂಜಾದ ಬಡವನು ತನ್ನ ಕಂಬಳಿಯನ್ನು ಬಿಡಿಸಿಕೊಂಡು ಮನೆಗೆ ಹೋದುದು ಎಷ್ಟು ಸತ್ಯವೋ, ತ್ರೆಂತೊ ನಗರದ ನಿರಪರಾಧಿಗಳು ಮನೆಗೆ ಹಿಂದಿರುಗದೆ ಹೋದುದೂ ಅಷ್ಟೇ ಸತ್ಯ. ಒಂದರ ಪುಣ್ಯವನ್ನು ಇನ್ನೊಂದರ ಪಾಪಕ್ಕೆ ವಜಾ ಹಾಕುವ ಲೆಕ್ಕವು ಯಾವ ಶಾಸ್ತ್ರದಲ್ಲಿಯೂ ಒಪ್ಪತಕ್ಕದ್ದಲ್ಲ.