ಛತ್ರಕ್ಕೆ ಬೋರ್ಡು ಇದೆ, ಹೊಳೆಗೆ?

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ನೋಡಿದ್ದೀರಲ್ಲ? ಸುತ್ತಳತೆ ಸುಮಾರು 30 ಕಿಲೋಮೀಟರ್. ಕಟ್ಟಿಸಿದವಳು ಶಾಂತವ್ವ ಅನ್ನುತ್ತದೆ ಐತಿಹ್ಯ. ಇವತ್ತಿಗೂ ಜನ ಅವಳ ಹೆಸರು ಹೇಳುತ್ತಾರೆ. ಆಗ ನೀರಿಗೆ ಸುರಿದ ದುಡ್ಡಿಗೂ ಹೆಸರು ಬರುತ್ತಿತ್ತು.

ದಾವಣಗೆರೆ ಸಾಹುಕಾರರೂ ಕೈಬಿಚ್ಚಿ ಕೊಟ್ಟವರೇ, ಸುಳ್ಳಲ್ಲ. ರಾಜನಹಳ್ಳಿ ಮನೆತನದ ಛತ್ರ ಇದೆ, ಚಿಗಟೇರಿ ಹೆಸರಿನ ಆಸ್ಪತ್ರೆ ಇದೆ. ಜಾತಿ, ಮಠ, ಬೀಗರು, ಪೇಟೆ ಇವರೆಲ್ಲರ ಮುಂದೆ ಮರ್ಯಾದೆ ಉಳೀಬೇಕು ನೋಡಿ! ಛತ್ರಕ್ಕೆ ಬೋರ್ಡು ಹಾಕಬಹುದು. ಹೊಳೆಗೆ ಹಾಕೋಕಾಗುತ್ತಾ?

ಹರಿಹರದ ಎದುರು ದಂಡೆಯ ಕುಮಾರಪಟ್ಟಣಕ್ಕೆ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಬಂತು. ಬಿರ್ಲಾ ಮನೆತನವನ್ನ ಜಿಪುಣರು ಅನ್ನೋ ಹಾಗಿಲ್ಲ. ಹುಟ್ಟೂರು ಪಿಲಾನಿಯಲ್ಲಿ ದೊಡ್ಡ ವಿದ್ಯಾಸಂಸ್ಥೆ, ಹಲವು ನಗರಗಳಲ್ಲಿ ಮಂದಿರ. ಆದರೆ ತುಂಗಭದ್ರೆ ಅವರ ಹುಟ್ಟೂರಿನ ಹೊಳೆಯಲ್ಲ. ಎಂಬತ್ತರ ದಶಕದಲ್ಲಿ ಮೀನು ಸತ್ತು ತೇಲಿದವು, ಕೆಳಗಿನ ಹಳ್ಳಿಗಳು ಸಿಡಿದೆದ್ದವು. ಹೊನ್ನಾಳಿ, ನ್ಯಾಮತಿ ಹೊಳೆಯ ಮೇಲ್ಭಾಗ, ಬಚಾವು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಹೋರಾಟಕ್ಕಿಳಿಯಿತು.

ಸರ್ಕಾರ ಏನು ಮಾಡಿತು? 1984ರಲ್ಲಿ ಅದೇ ಕಂಪನಿ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿತು! ನೀಲಗಿರಿ ಬೆಳೆಯೋಕೆ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿ. ಕಾವಲುಗಾರನೇ ಪಾಲುದಾರನಾದರೆ ಕಂಪನಿ ಯಾರಿಗೆ ಹೆದರಬೇಕು ಸ್ವಾಮಿ? 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿ ಕಿತ್ತರು, ತಮಗೆ ಬೇಕಾದ ಗಿಡ ನೆಟ್ಟರು. ಅದೇ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ. ಶಿವರಾಮ ಕಾರಂತರು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 1991ರಲ್ಲಿ ಪಲ್ಪ್‌ವುಡ್ ಕಂಪನಿ ಬಾಗಿಲು ಹಾಕಿತು. ನನ್ನ ಲೆಕ್ಕದಲ್ಲಿ, ಮಾಲೀಕರ ಬಳಗದಲ್ಲಿ ಇಲ್ಲದವರು ಬೀದಿಗೆ ಬಂದು ಗೆದ್ದ ಅಪರೂಪದ ಕಥೆ ಇದು.

ಆಮೇಲೆ 2013ರ ಕಂಪನಿ ಕಾಯ್ದೆ. ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನ ಸಮಾಜಕ್ಕೆ ಖರ್ಚು ಮಾಡಬೇಕು, ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಪಟ್ಟಿಯಲ್ಲಿ ಪರಿಸರವೂ ಇದೆ, ಶಾಲೆಯೂ ಇದೆ. ಯಾವುದನ್ನ ಆರಿಸಿಕೊಳ್ಳೋದು? ಅದು ಆಡಳಿತ ಮಂಡಳಿಗೆ ಬಿಟ್ಟಿದ್ದು. ಮಂಡಳಿಯಲ್ಲಿ ಕೂರೋರು ಯಾರ ಮದುವೆಗೆ ಹೋಗುತ್ತಾರೆ, ಯಾವ ಮಠಕ್ಕೆ ಅಡ್ಡಬೀಳುತ್ತಾರೆ ಅನ್ನೋದೂ ಅಲ್ಲಿ ಕೆಲಸ ಮಾಡುತ್ತದೆ ಅಂತ ನಾನಂತೂ ನಂಬುತ್ತೇನೆ.

ಬರದ ಜಗಳೂರಿನ 57 ಕೆರೆಗೆ ನೀರು ತರೋ ಯೋಜನೆಗೆ ಬೆನ್ನುಬಿದ್ದವರು ಸಿರಿಗೆರೆ ಶ್ರೀಗಳು, ದುಡ್ಡು ಸರ್ಕಾರದ್ದು. ನೀರೆತ್ತೋದು ಹರಿಹರ ತಾಲ್ಲೂಕಿನ ದೀಟೂರಿನ ಹತ್ತಿರ, ಅದೇ ತುಂಗಭದ್ರೆಯಿಂದ. ಹಾಗಾದರೆ ಹೊಳೆದಂಡೆಯ ಕಾರ್ಖಾನೆಗಳ ‘ಸ್ಥಳೀಯ’ ಲೆಕ್ಕದಲ್ಲಿ ಜಗಳೂರು ಬರುತ್ತದಾ?