ಕಾನ್ಸಾಸ್ ಸಿಟಿ ಚೀಫ್ಸ್ ಅಫೆನ್ಸಿವ್ ಲೈನ್ ಪುನರ್ರಚನೆ, 2021

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನ ತಂಡವಾದ ಕಾನ್ಸಾಸ್ ಸಿಟಿ ಚೀಫ್ಸ್, 2021ರ ಋತುವಿಗೆ ಮುಂಚಿನ ಬಿಡುವಿನಲ್ಲಿ ತನ್ನ ಅಫೆನ್ಸಿವ್ ಲೈನನ್ನು ಸಂಪೂರ್ಣವಾಗಿ ಬದಲಾಯಿಸಿತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎದುರಾಳಿಗಳಿಂದ ಕಾಯುವ, ಚೆಂಡು ಹಿಡಿದು ಓಡುವವನಿಗೆ ದಾರಿ ಮಾಡಿಕೊಡುವ ಐವರ ಸಾಲಿಗೆ ಈ ಹೆಸರಿದೆ. ನಡುವೆ ಸೆಂಟರ್, ಅವನ ಇಕ್ಕೆಲಗಳಲ್ಲಿ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು ನಿಲ್ಲುತ್ತಾರೆ.

ಹಿನ್ನೆಲೆ

2021ರ ಫೆಬ್ರವರಿ 7ರಂದು ನಡೆದ 55ನೆಯ ಸೂಪರ್ ಬೌಲ್‌ನಲ್ಲಿ ಚೀಫ್ಸ್ ತಂಡವು ಟ್ಯಾಂಪಾ ಬೇ ಬಕನೀರ್ಸ್ ಎದುರು 31–9ರಿಂದ ಸೋತಿತು. ಟ್ಯಾಕಲ್‌ಗಳಾದ ಎರಿಕ್ ಫಿಶರ್ ಮತ್ತು ಮಿಚೆಲ್ ಶ್ವಾರ್ಟ್ಸ್ ಗಾಯಗೊಂಡು ಹೊರಗುಳಿದಿದ್ದರು. ಬದಲಿ ಆಟಗಾರರಿಂದ ಕೂಡಿದ ಸಾಲು ಎದುರಾಳಿಗಳನ್ನು ತಡೆಯಲಾರದೆ ಹೋದುದರಿಂದ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಪದೇ ಪದೇ ಹಿಂದೋಡಬೇಕಾಯಿತು. ತಂಡಕ್ಕೆ ಒಂದು ಟಚ್‌ಡೌನ್ ಕೂಡ ದೊರೆಯಲಿಲ್ಲ.

ಬದಲಾವಣೆಗಳು

ಮಾರ್ಚ್‌ನಲ್ಲಿ ಫಿಶರ್ ಮತ್ತು ಶ್ವಾರ್ಟ್ಸ್ ಇಬ್ಬರನ್ನೂ ಕೈಬಿಡಲಾಯಿತು. ಅನಂತರ ಮೂರು ಮಾರ್ಗಗಳಿಂದ ಹೊಸಬರನ್ನು ತರಲಾಯಿತು:

* ಒಪ್ಪಂದ: ಎಡ ಗಾರ್ಡ್ ಜೋ ಥೂನಿ, ಐದು ವರ್ಷಗಳಿಗೆ 8 ಕೋಟಿ ಡಾಲರ್.
* ವಿನಿಮಯ: ಎಡ ಟ್ಯಾಕಲ್ ಒರ್ಲಾಂಡೊ ಬ್ರೌನ್ ಜೂನಿಯರ್, ಬಾಲ್ಟಿಮೋರ್ ರೇವನ್ಸ್‌ನಿಂದ. ಇದಕ್ಕೆ ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನೂ ಬಿಟ್ಟುಕೊಡಬೇಕಾಯಿತು.
* ಡ್ರಾಫ್ಟ್: ಸೆಂಟರ್ ಕ್ರೀಡ್ ಹಂಫ್ರಿ (2ನೆಯ ಸುತ್ತು), ಬಲ ಗಾರ್ಡ್ ಟ್ರೇ ಸ್ಮಿತ್ (6ನೆಯ ಸುತ್ತು).

ಕೋವಿಡ್ ಕಾರಣದಿಂದ 2020ರಲ್ಲಿ ಆಡದಿದ್ದ ಲೂಕಸ್ ನಿಯಾಂಗ್ ಬಲ ಟ್ಯಾಕಲ್ ಆದರು. ಹೀಗಾಗಿ 2021ರ ಮೊದಲ ಪಂದ್ಯಕ್ಕೆ ಇಳಿದ ಐವರಲ್ಲಿ ಸೋತ ಸೂಪರ್ ಬೌಲ್‌ನ ಸಾಲಿನವರು ಒಬ್ಬರೂ ಇರಲಿಲ್ಲ.

ಫಲಿತಾಂಶ

2023ರ ಫೆಬ್ರವರಿ 12ರಂದು ಚೀಫ್ಸ್ 57ನೆಯ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡವನ್ನು 38–35ರಿಂದ ಸೋಲಿಸಿತು. ಆ ಋತುವಿನ ಲೀಗ್ ಪಂದ್ಯಗಳಲ್ಲಿ ಈಗಲ್ಸ್ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು 70 ಬಾರಿ ಕೆಡವಿತ್ತು. ಬ್ರೌನ್, ಥೂನಿ, ಹಂಫ್ರಿ, ಸ್ಮಿತ್ ನಾಲ್ವರೂ ಇದ್ದ ಸಾಲಿನ ಹಿಂದೆ ಆಡಿದ ಮಹೋಮ್ಸ್‌ರನ್ನು ಅದು ಒಮ್ಮೆಯೂ ಕೆಡವಲಾಗಲಿಲ್ಲ.